ಭಾವನವರ ಸುಣ್ಣದ ಡಬ್ಬಿ

ನಮ್ಮ ಭಾವನವರ, ಅಂದರೆ ನಮ್ಮ ಮನೆಯವರ ಅಣ್ಣನ, ಜೇಬಿನಲ್ಲಿ ಸದಾ ಒಂದು ಪುಟ್ಟ ಸುಣ್ಣದ ಡಬ್ಬಿ ಇರುತ್ತದೆ. ಎಲೆಯಡಿಕೆ ಬಿಟ್ಟು ಎಷ್ಟೋ ಕಾಲವಾಯಿತು; ಹೃದಯದ ಕಾಯಿಲೆ ಬಂದ ಮೇಲೆ ಅದೇ ಡಬ್ಬಿಯಲ್ಲಿ, ನಾಲಿಗೆಯಡಿ ಇಟ್ಟುಕೊಳ್ಳುವ ಸಣ್ಣ ಗುಳಿಗೆಗಳನ್ನು ಶೀಟಿನ ಸಮೇತ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಹಿಂದೆ ಎದುರು ಸಿಕ್ಕವರಿಗೆಲ್ಲ ಸುಣ್ಣ ನೀಡುತ್ತಿದ್ದ ಕೈ ಈಗ ಅಜ್ಜಂಪುರದ ಸಂತೆಯಲ್ಲೋ ಬೀರೂರಿನ ಬಸ್ಸಿನಲ್ಲೋ ಎದೆ ಒತ್ತಿಕೊಂಡವರಿಗೆಲ್ಲ ಗುಳಿಗೆ ನೀಡುತ್ತದೆ. ಔಷಧವನ್ನೂ ಎಲೆಯಡಿಕೆಯಂತೆ ಹಂಚಿಕೊಳ್ಳುವುದು ನಮ್ಮ ಕಡೆಯವರ ಪ್ರೀತಿಯ ರೀತಿ. ಆ ಪ್ರೀತಿಗೆ ನಾನು ಹೆದರಿದ್ದು ಒಮ್ಮೆ ಮಾತ್ರ.

ನಮ್ಮ ಮನೆಯವರದು ಈರುಳ್ಳಿ ಮಂಡಿ. ಐವತ್ತು ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಾಗ, ನನ್ನ ಮೇಲೆ ಮನಸ್ಸಿಲ್ಲವೇನೋ ಎಂದು ಒಬ್ಬಳೇ ಅತ್ತಿದ್ದೇನೆ. ಕೊನೆಗೆ ಅವರೇ ಬಾಯಿಬಿಟ್ಟರು, ಮನಸ್ಸಿದೆ, ಮೈ ಕೇಳುತ್ತಿಲ್ಲ ಎಂದು. ಪಕ್ಕದ ಮಂಡಿಯ ಗೆಳೆಯರೊಬ್ಬರು ಮಾತ್ರೆ ತಂದುಕೊಡುತ್ತೇನೆ ಎಂದಿದ್ದರಂತೆ. ನಾನು ಹಟ ಹಿಡಿದು ತರೀಕೆರೆಯ ಡಾಕ್ಟರರ ಬಳಿ ಕರೆದೊಯ್ದೆ. ಅವರು ರಕ್ತದೊತ್ತಡ, ಹೃದಯ ಎಲ್ಲ ಪರೀಕ್ಷಿಸಿ, ಬೇರೆ ಏನೇನು ಮಾತ್ರೆ ನುಂಗುತ್ತೀರೆಂದು ಕೇಳಿ ತಿಳಿದು, ಚೀಟಿ ಬರೆದ ಮೇಲೆ ಹೊರಗೆ ಕೂತಿದ್ದ ನನ್ನನ್ನೂ ಒಳಗೆ ಕರೆದರು.

"ನೋಡಿಯಮ್ಮ, ಬರೆದಷ್ಟೇ ತಗೋಬೇಕು. ಇದೂ ನಾಲಿಗೆ ಕೆಳಗಿಡೋ ಹೃದಯದ ಗುಳಿಗೇನೂ ಸೇರಲೇಬಾರದು. ಬಿಪಿ ಒಂದೇ ಸಲ ಕುಸಿದು ಜೀವಕ್ಕೇ ಅಪಾಯ. ಎದೆನೋವು ಬಂದ್ರೆ ಇದನ್ನ ತಗೊಂಡಿದಾರೆ ಅಂತ ಮೊದ್ಲು ಹೇಳ್ಬೇಕು. ಅವಾಗ ಅವರ ಕೈಲಿ ಹೇಳೋಕಾಗ್ದೇ ಇರಬಹುದು, ಅದಕ್ಕೇ ನಿಮ್ಮನ್ನ ಕರೆದಿದ್ದು."

ಇವರು ಮನೆಯ ಬಾಗಿಲಲ್ಲಿ ನಿಂತು, "ಯಾರಿಗೂ ಹೇಳ್ಬೇಡ ಕಣೇ, ಅಣ್ಣಂಗಂತೂ ಬೇಡ್ವೇ ಬೇಡ" ಎಂದರು. ನಾನು ಆಯಿತೆಂದೆ.

ಕಡೂರಿನಲ್ಲಿ ನಾದಿನಿಯ ಮೊಮ್ಮಗುವಿನ ನಾಮಕರಣ. ಊಟ ಮುಗಿಸಿ ಎದ್ದ ಇವರು ಕಂಬಕ್ಕೊರಗಿ ಕುಸಿದು ಕೂತರು. ಹಣೆಯೆಲ್ಲ ಬೆವರು, ಕೈ ಎದೆಯ ಮೇಲೆ. ತೊಟ್ಟಿಲ ಸುತ್ತ ಇದ್ದವರೆಲ್ಲ ಓಡಿಬಂದರು. ಭಾವನವರು ಆಗಲೇ ಡಬ್ಬಿ ತೆರೆದು, "ಬಾಯಿ ತೆಗಿಯೋ, ನಾಲಿಗೆ ಎತ್ತು" ಎನ್ನುತ್ತಿದ್ದರು. ಇವರ ತುಟಿ ಅಲುಗಿತು, ಮಾತು ಬರಲಿಲ್ಲ. ಶಕ್ತಿಯಿರಲಿಲ್ಲವೋ ಮನಸ್ಸಿರಲಿಲ್ಲವೋ, ನಾನು ಇಂದಿಗೂ ಕೇಳಿಲ್ಲ.

ಸ್ನೇಹಿತರೇ, ಮದುವೆಯಾಗಿ ಬಂದಾಗಿನಿಂದ ಭಾವನವರಿಗೆ ಬಾಗಿಲ ಮರೆಯಿಂದಲೇ ಉತ್ತರ ಕೊಟ್ಟವಳು ನಾನು. ಅವತ್ತು ಅವರ ಮುಂಗೈ ಹಿಡಿದುಬಿಟ್ಟೆ.

"ಬೇಡಿ ಭಾವ! ಇವರು ನಿನ್ನೆ ರಾತ್ರಿ ಗಂಡಸ್ತನದ ಮಾತ್ರೆ ತಗೊಂಡಿದಾರೆ. ಇದನ್ನ ಕೊಟ್ರೆ ಜೀವ ಹೋಗುತ್ತೆ. ಬೇಗ ಗಾಡಿ ತರ್ಸಿ!"

ಭಾವನವರು ಡಬ್ಬಿ ಮುಚ್ಚಿದರು. ಯಾರೋ ಕಿಸಕ್ಕೆಂದದ್ದೂ ಕೇಳಿಸಿತು. ಆಸ್ಪತ್ರೆಯಲ್ಲಿ ಹೆಸರು ಕೇಳುವ ಮೊದಲೇ ಅದೇ ಮಾತನ್ನು ಮತ್ತೆ ಹೇಳಿದೆ. ಅಲ್ಲಿ ಯಾರೂ ನಗಲಿಲ್ಲ. ಅದನ್ನು ತಿಳಿದೇ ಚಿಕಿತ್ಸೆ ಕೊಟ್ಟರು, ಇವರು ಉಳಿದರು.

ಕಾಲು ಉಳುಕಿದರೆ ಬೀದಿಗೆಲ್ಲ ಕುಂಟಿ ತೋರಿಸುವ ನಾವು, ಅದೇ ದೇಹದ ಇನ್ನೊಂದು ಬಳಲಿಕೆಯನ್ನು ಮಾತ್ರ ಮಾನದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇಕೆ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಹಳ ಯೋಚಿಸಿದೆ. ಆ ಬೀಗ ಹಾಕಿದ್ದರಲ್ಲಿ ನಮ್ಮ ಕೈಯೂ, ಹೆಂಗಸರ ಕೈಯೂ, ಇದೆ. ಮನೆಗೆ ಬಂದ ಮೇಲೆ ಇವರು ನನ್ನೊಡನೆ ಮಾತು ಬಿಟ್ಟರು. ನೋವಾಯಿತು, ನಿಜ, ಆದರೂ ಪಕ್ಕದಲ್ಲಿ ಅವರ ಉಸಿರಾಟ ಕೇಳುತ್ತಿತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು.

ಹೀಗಿರುವಾಗ ಒಂದು ಸಂಜೆ ಭಾವನವರು ಬಂದು ಜಗಲಿಯ ಮೇಲೆ ಕೂತರು. ಯಾರೂ ಎದೆ ಹಿಡಿದುಕೊಂಡಿರಲಿಲ್ಲ, ಆದರೂ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದರು. ನಾಲಿಗೆಯಡಿಯ ಗುಳಿಗೆಗಳ ನಡುವೆ ಇವರಿಗೆ ಬರೆದುಕೊಟ್ಟಂಥದೇ ಒಂದು ನೀಲಿ ಮಾತ್ರೆ ಇತ್ತು.

"ಆ ಪಕ್ಕದ ಮಂಡಿಯವ್ನು ನಂಗೂ ತಂದ್ಕೊಟ್ಟಿದ್ದ, ತಾಯಿ" ಎಂದರು, ನೆಲ ನೋಡುತ್ತಾ. "ಇನ್ನೂ ನುಂಗಿಲ್ಲ. ಆ ತರೀಕೆರೆ ಡಾಕ್ಟ್ರು ಎಷ್ಟೊತ್ತಿಗೆ ಸಿಗ್ತಾರೆ?"

ನಾನು ಉತ್ತರಿಸುವ ಮೊದಲೇ, ಇಷ್ಟು ದಿನ ಬಾಯಿಬಿಡದಿದ್ದವರ ದನಿ ಒಳಗಿನಿಂದ ಕೇಳಿಸಿತು.

"ಕೂತಿರಣ್ಣ, ಅಂಗಿ ಹಾಕ್ಕೊಂಡು ಬತ್ತೀನಿ. ಇವಳ್ನೂ ಕರ್ಕೊಂಡು ಹೋಗಾನ."