ಉಪ್ಪಿಲ್ಲದ ಗಂಜಿ

ಇವತ್ತು ಬೆಳಿಗ್ಗೆ ನೆರೆಮನೆಯ ಲಲಿತಕ್ಕ ಬಂದು, "ಟೀಚರೇ, ನಿಮ್ಮ ಅಂಗಳದಲ್ಲಿ ನೆಲನೆಲ್ಲಿ ಉಂಟಲ್ಲ, ಒಂದು ಹಿಡಿ ಬೇಕಿತ್ತು. ಮೊಮ್ಮಗಳಿಗೆ ಕಾಮಾಲೆ" ಎಂದರು. ಕಿತ್ತುಕೊಟ್ಟೆ. ಕೈ ತೊಳೆದರೂ ಆ ಹಸಿ ಕಹಿ ವಾಸನೆ ಬೆರಳಿನಿಂದ ಹೋಗಲಿಲ್ಲ. ನಿಮಗೆ ಅದು ಮಳೆಗಾಲದ ಒಂದು ಕಳೆಗಿಡ ಇರಬಹುದು. ನನಗೆ ಅದನ್ನು ಮೂಸಿದರೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಾನು ಪೆರ್ಲದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಜೀವಶಾಸ್ತ್ರದ ಟೀಚರು. ಏಡ್ಸ್ ದಿನ ಬಂತೆಂದರೆ ಫಲಕ ಬರೆಯುವ ಕೆಲಸ ನನ್ನದೇ, ಅಕ್ಷರ ಚಂದವೆಂದು. ಒಂದು ವರ್ಷ ಮನೆಯ ಜಗಲಿಯಲ್ಲಿ ಕೂತು ಕೆಂಪು ಬಣ್ಣದಲ್ಲಿ 'ಎಚ್ಚರವೇ ಮದ್ದು' ಎಂದು ಬರೆಯುತ್ತಿದ್ದೆ. ತಮ್ಮ ಜಯಂತ ಪಕ್ಕದಲ್ಲಿ ಬಣ್ಣದ ಡಬ್ಬ ಹಿಡಿದುಕೊಂಡಿದ್ದ. ಆಗ ಅವನಿಗೆ ಹತ್ತೊಂಬತ್ತು. ಮರುವಾರ ಮುಂಬೈಯ ಹೋಟೆಲೊಂದಕ್ಕೆ ಕೆಲಸಕ್ಕೆ ಹೊರಟಿದ್ದ.

"ಅಕ್ಕ, ಎಂತದಕ್ಕೆ ಎಚ್ಚರ? ಇದು ಹೇಗೆ ಬರುವುದು, ಸರಿ ಹೇಳು ನೋಡುವ."

"ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಉಂಟು, ಓದು."

"ಓದಿದ್ದೇನೆ. ಒಂದೇ ಸಾಲು ಇರುವುದು. ಈ ಕಾಂಡೋಮ್ ಅಂದರೆ..."

"ಥೂ, ಬಾಯಿ ಮುಚ್ಚು! ಒಳಗೆ ಅಮ್ಮ ಇದ್ದಾರೆ."

ಬಾಯಿ ಮುಚ್ಚಿದ. ಮತ್ತೆ ಕೇಳಲಿಲ್ಲ. ಮಾರನೆಯ ದಿನ ಅಸೆಂಬ್ಲಿಯಲ್ಲಿ ನಾನು, ಇಂಥ ವಿಷಯವನ್ನು ಮನೆಯಲ್ಲಿ ಮುಕ್ತವಾಗಿ ಮಾತಾಡಬೇಕು ಎಂದು ಹತ್ತು ನಿಮಿಷ ಭಾಷಣ ಬಿಗಿದೆ. ಚಪ್ಪಾಳೆಯೂ ಸಿಕ್ಕಿತು, ಕೇಳಬೇಡಿ.

ಆರು ವರ್ಷ ಕಳೆದು ಅವನಿಗೆ ಗಲ್ಫಿನ ವೀಸಾ ಬಂತು. ಮಂಗಳೂರಿನಲ್ಲಿ ವೀಸಾದ ಮೆಡಿಕಲ್ ಟೆಸ್ಟು ಮುಗಿಸಿ ಬಂದವನು ಲಕೋಟೆಯನ್ನು ನನ್ನ ಕೈಗೆ ಕೊಟ್ಟ. ಅನ್‌ಫಿಟ್. ಕೆಳಗೆ ಎಚ್‌ಐವಿ ಎಂದಿತ್ತು. ಅವನ ಮುಖ ನೋಡಿದೆ, ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ಎಂತ ಬರೆದಿದ್ದಾರೆ ಅದರಲ್ಲಿ?" ಎಂದರು.

"ಕಾಮಾಲೆ" ಎಂದುಬಿಟ್ಟೆ.

ಸುಳ್ಳು ನನ್ನದು, ಪಥ್ಯ ಅವನಿಗೆ. ನಮ್ಮೂರಿನ ಕಾಮಾಲೆ ಪಥ್ಯ ಗೊತ್ತಲ್ಲ, ಉಪ್ಪಿಲ್ಲ, ಎಣ್ಣೆಯಿಲ್ಲ, ಬರೀ ಗಂಜಿ, ಬೆಳಗ್ಗೆ ಖಾಲಿ ಹೊಟ್ಟೆಗೆ ನೆಲನೆಲ್ಲಿಯ ರಸ. ನೋಡಲು ಬಂದವರೆಲ್ಲ ಒಂದೊಂದು ಕಟ್ಟು ಸೊಪ್ಪು ತಂದರು. ಕಣ್ಣು ಹಳದಿಯಾಗಿಲ್ಲವಲ್ಲ ಎಂದು ಯಾರೋ ಒಬ್ಬರು ಕೇಳಿದ್ದಕ್ಕೆ ಲಲಿತಕ್ಕನೇ, "ಅದು ಒಳಗಿನ ಕಾಮಾಲೆ ಮಾರಾಯ್ತಿ, ಹೊರಗೆ ಕಾಣುವುದಿಲ್ಲ" ಎಂದು ನನ್ನನ್ನು ಪಾರು ಮಾಡಿದರು. ನಾನು ತಲೆಯಾಡಿಸಿದೆ. ಬಿ.ಎಸ್ಸಿ., ಬಿ.ಎಡ್. ಓದಿದ ತಲೆ.

ಕಾಮಾಲೆ ಅಂಟುತ್ತದೆಂದು ಅಮ್ಮ ಅವನ ಬಟ್ಟಲು, ಲೋಟ ಬೇರೆ ಇಟ್ಟರು. ಒಟ್ಟಿಗೆ ಉಂಡರೆ ಎಚ್‌ಐವಿ ಬರುವುದಿಲ್ಲ ಎಂದು ವರ್ಷವರ್ಷವೂ ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು ನಾನು. ಆದರೂ ಆ ಲೋಟವನ್ನು ನಾನು ಮುಟ್ಟಲಿಲ್ಲ.

ಒಂದು ದಿನ ಅಡಿಗೆಮನೆಯಲ್ಲಿ ಯಾವುದೋ ಸಿಟ್ಟಿನಲ್ಲಿ, "ಉಪ್ಪು ತಿಂದವ ನೀರು ಕುಡಿಯಲೇಬೇಕು" ಎಂದು ಗೊಣಗಿದೆ. ಜಗಲಿಯಿಂದ ಅವನ ದನಿ ಬಂತು: "ನನ್ನ ಗಂಜಿಗೆ ನೀನು ಉಪ್ಪೇ ಹಾಕುವುದಿಲ್ಲವಲ್ಲ, ಅಕ್ಕ." ನಗುತ್ತಲೇ ಹೇಳಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಉಪ್ಪು ಹಾಕಲಿಲ್ಲ. ಅಮ್ಮ ಹತ್ತಿರವೇ ಇದ್ದರು.

ಹೀಗೆ ನಾಲ್ಕು ತಿಂಗಳು. ಸರಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಧರ್ಮಕ್ಕೆ ಕೊಡುತ್ತಾರೆ, ತಪ್ಪದೆ ನುಂಗಿದರೆ ಎಲ್ಲರ ಹಾಗೆ ಬದುಕಬಹುದು ಎಂದು ನನಗೆ ಗೊತ್ತಿತ್ತು. ಕಾಮಾಲೆಯವನು ಆ ವಾರ್ಡಿಗೆ ಯಾಕೆ ಹೋದ ಎಂದು ಯಾರಾದರೂ ಕೇಳಿದರೆ? ಮುಂದಿನ ವಾರ, ಮುಂದಿನ ವಾರ ಎಂದು ತಳ್ಳಿದೆ. ಅವನು ಸೊರಗಿ ಕಡ್ಡಿಯಾದ. ಕೊನೆಗೆ ಒಂದು ಬೆಳಿಗ್ಗೆ ತಾನೇ ಬಸ್ಸು ಹತ್ತಿ ಹೋಗಿ ಮಾತ್ರೆ ತಂದ. ಚೇತರಿಸಿಕೊಂಡ. ಪೇಟೆಯಲ್ಲಿ ಫ್ಯಾನು, ಮಿಕ್ಸಿ ರಿಪೇರಿಯ ಅಂಗಡಿ ಹಾಕಿ ಅದರ ಹಿಂದಿನ ಕೋಣೆಯಲ್ಲೇ ಬಿಡಾರ ಮಾಡಿದ. ಅಮ್ಮ, ಮಗನ ಕಾಮಾಲೆ ಗುಣವಾಯಿತೆಂದು ನಂಬಿಕೊಂಡೇ ತೀರಿಹೋದರು. ಲಕೋಟೆ ಬಂದ ದಿನದಿಂದ ನಾವಿಬ್ಬರು ಆ ರೋಗದ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ.

ಈಗ ನನ್ನ ಮಗ ಪವನ್ ಶನಿವಾರ ಮಸ್ಕತ್ತಿಗೆ ಹೊರಟಿದ್ದಾನೆ, ಎ.ಸಿ. ಮೆಕ್ಯಾನಿಕ್ಕಾಗಿ. ಲಲಿತಕ್ಕ ಹೋದ ಮೇಲೆ ಆ ವಾಸನೆಯ ಕೈಯಲ್ಲೇ ಅವನನ್ನು ಕೂರಿಸಿದೆ. ಈ ಸಲ ಹೇಳಿಯೇ ತೀರುವುದು ಎಂದು. ಎಲ್ಲಿಂದ ಶುರು ಮಾಡಿದೆ ಅಂತೀರಿ? ದಾಸವಾಳದ ಪರಾಗಸ್ಪರ್ಶದಿಂದ!

ಅವನಿಗೆ ನಗು ತಡೆಯಲಾಗಲಿಲ್ಲ. "ದಾಸವಾಳ ಬೇಡ ಅಮ್ಮ. ಕಾಂಡೋಮ್, ಟೆಸ್ಟು, ಎಲ್ಲ ನನಗೆ ಹತ್ತನೇ ಕ್ಲಾಸಿನಲ್ಲೇ ಮಾವ ಹೇಳಿಕೊಟ್ಟಿದ್ದಾರೆ. ಅವರ ಮಾತ್ರೆ ಸಹ ತೋರಿಸಿದ್ದಾರೆ."

"ನನ್ನಲ್ಲಿ ಯಾಕೆ ಕೇಳಲಿಲ್ಲ ನೀನು?"

ನಗು ನಿಲ್ಲಿಸಿದ. "ಮಾವ ಬೇಡ ಅಂದರು. 'ಅಕ್ಕನ ಹತ್ತಿರ ಕೇಳಬೇಡ, ಅವಳಿಗೆ ಕಷ್ಟ ಆಗ್ತದೆ' ಅಂದರು."

ಚಪ್ಪಲಿ ಮೆಟ್ಟಿಕೊಂಡು ನೇರ ಅಂಗಡಿಗೆ ನಡೆದೆ. ಜಯಂತ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಜಯಂತ, ನಿನ್ನ ಎಚ್‌ಐವಿಯ ಮಾತ್ರೆ ಯಾವ ಹೊತ್ತಿಗೆ ತಗೊಳ್ಳುವುದು?"

ಸ್ಕ್ರೂಡ್ರೈವರ್ ಕೆಳಗಿಟ್ಟ. ನನ್ನನ್ನೇ ನೋಡಿದ.

"ರಾತ್ರಿ, ಊಟ ಆದ ಮೇಲೆ" ಎಂದ. ಆಮೇಲೆ ಮೆಲ್ಲನೆ, "ನೀನು ಕೇಳಲಿಕ್ಕೆ ಹದಿಮೂರು ವರ್ಷ ಬೇಕಾಯಿತಲ್ಲ, ಅಕ್ಕ."

ಅವನ ಸ್ಟೂಲಿನ ಪಕ್ಕದಲ್ಲಿ ಅರ್ಧ ಕುಡಿದ ಚಹಾದ ಗ್ಲಾಸಿತ್ತು. ತೆಗೆದು ಕುಡಿದೆ. ತಣ್ಣಗಾಗಿತ್ತು.

"ಇವತ್ತು ರಾತ್ರಿ ಊಟಕ್ಕೆ ಮನೆಗೆ ಬಾ. ಮಾತ್ರೆ ತಕ್ಕೊಂಡೇ ಬಾ."

"ಉಪ್ಪು ಹಾಕ್ತೀಯಲ್ಲ?" ಎಂದ.

ನಗಲಿಕ್ಕೆಂದೇ ಕೇಳಿದ್ದ. ನನ್ನಿಂದ ನಗಲಾಗಲಿಲ್ಲ.