ಬಾಣಂತಿ ಕೋಣೆಯ ಸ್ಲ್ಯಾಬು

2023ರ ಮೇ ತಿಂಗಳು. ಭಂಕೂರಿನ ಮನೆಯಲ್ಲಿ ಗೃಹಿಣಿಯಾಗಿ ನಾನಾಗಲೇ ಇಪ್ಪತ್ತಾರು ವರ್ಷ ಕಳೆದಿದ್ದೆ. ಸಂಬಳವಿಲ್ಲದ ಈ ಕೆಲಸದಲ್ಲಿ ಮರೆಯಲಾಗದ ಪ್ರಸಂಗವೆಂದರೆ ಮಗಳು ಸುಜಾತಾಳ ಬಾಣಂತನ.

ಅವಳಿಗೆಂದೇ ಅಂಗಳದಲ್ಲಿ ಹೊಸ ಕೋಣೆ ಕಟ್ಟಿಸಿದ್ದೆವು. ತಗ್ಗಾದ ಆರ್‌ಸಿಸಿ ಸ್ಲ್ಯಾಬು, ಗಾಜಿನ ಕಿಟಕಿ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್. ಹಿಂದಿನ ಹಳೆಯ ಕೋಣೆಯದು ದಪ್ಪ ಕಲ್ಲಿನ ಗೋಡೆ, ಫರ್ಸಿ ಕಲ್ಲುಹಾಸಿನ ಮೇಲೆ ಮಣ್ಣು ಹಾಕಿದ ಮಾಳಿಗೆಯ ಚಾವಣಿ. ಅದು ಮಳೆಗೆ ಸೋರುತ್ತಿತ್ತು. ಹಗಲಲ್ಲೂ ದೀಪ ಬೇಕು. ಅದನ್ನು ಕೆಡವುವುದೆಂದು ತೀರ್ಮಾನವಾಗಿತ್ತು.

ಬಾಣಂತಿಗೆ ಗಾಳಿ ತಾಗಬಾರದೆಂದು ಅತ್ತೆಯವರು ಕಿಟಕಿಗಳನ್ನು ಮುಚ್ಚಿಸಿ, ಸಂದಿಗೆ ಬಟ್ಟೆ ತುರುಕಿ, ಮಂಚದ ಕೆಳಗೆ ಕೆಂಡದ ಶೆಗಡಿ ಇಡಿಸಿದರು. ನನ್ನ ಬಾಣಂತನವೂ ಹಾಗೆಯೇ ಆಗಿತ್ತು, ಆದರೆ ಹಳೆಯ ಕೋಣೆಯಲ್ಲಿ. ಅಲ್ಲಿ ಮಾಳಿಗೆಯ ಸಣ್ಣ ಬೆಳಕಿಂಡಿಯಿಂದ ಹೊಗೆಯೂ ಸೆಕೆಯೂ ಹೊರಹೋಗುತ್ತಿದ್ದವು. ಸ್ಲ್ಯಾಬಿನಲ್ಲಿ ಬೆಳಕಿಂಡಿ ಎಲ್ಲಿಯದು?

ಒಂದು ಮಧ್ಯಾಹ್ನ ಕೂಸು ಹಾಲು ಕುಡಿಯುವುದನ್ನೇ ಬಿಟ್ಟಿತು. ಬೆಳಿಗ್ಗೆ ಕಟ್ಟಿದ ಲಂಗೋಟಿ ಇನ್ನೂ ಒಣಗಿಯೇ ಇತ್ತು. ಮೈ ಮುಟ್ಟಿದರೆ ಸುಡುತ್ತಿತ್ತು. ಶಹಾಬಾದದ ಆಸ್ಪತ್ರೆಗೆ ಓಡಿದೆವು. ರಕ್ತ ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಎರಡು ದಿನ ಇಟ್ಟುಕೊಂಡ ಡಾಕ್ಟರಮ್ಮ ಕೋಣೆಯ ವಿಷಯ ಕೇಳಿ ತಿಳಿದು, ಕೊನೆಗೆ ಕಡ್ಡಿ ಮುರಿದಂತೆ ಹೇಳಿದರು:

“ಕೂಸಿಗಿ ಸೆಕಿ ಹತ್ಯಾದ. ಮತ್ತ ಅದೇ ಖೋಲ್ಯಾಗ ಇಡ್ತೀರಿ ಅಂದ್ರ ನಾ ಮನಿಗಿ ಕಳ್ಸಂಗಿಲ್ರಿ.”

ನನ್ನ ಯಜಮಾನರು ಸಿಮೆಂಟ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿದ್ದಾರೆ. ಸುಣ್ಣದ ಕಲ್ಲು ಸುಡುವ ದೊಡ್ಡ ಕುಲುಮೆ, ಅಂದರೆ ಕಿಲ್ನ್, ಅದರ ಶಾಖ ಅವರಿಗೆ ಪರದೆಯ ಮೇಲೆ ಕ್ಷಣಕ್ಷಣಕ್ಕೂ ಕಾಣುತ್ತದೆ.

“ಕಿಲ್ನ್ ಎಷ್ಟು ಕಾಯ್ತದಂತ ಕುಂತಲ್ಲೇ ಹೇಳ್ತೀನಿ,” ಅಂದರು. “ಮೊಮ್ಮಗಳ ಖೋಲಿ ಕಾದಿದ್ದು ಗೊತ್ತಾಗ್ಲಿಲ್ಲ ನೋಡು.”

ಅಂದೇ ಹಳೆಯ ಕೋಣೆಗೆ ಸುಣ್ಣ ಬಳಿಸಿ ತಾಯಿ ಮಗುವನ್ನು ಅಲ್ಲಿಗೆ ಒಯ್ದೆವು. ಅತ್ತೆ ಶೆಗಡಿ ಹಿಡಿದು ಬಾಗಿಲಿಗೆ ಬಂದರು.

“ಆಯಿ, ನಿನ್ನ ಮರಿಮೊಮ್ಮಗಳು ರೊಟ್ಟಿ ಏನು, ಬೇಯಿಸ್ಲಿಕ್ಕತ್ತಿ?” ಎಂದಳು ಸುಜಾತಾ ಅಜ್ಜಿಗೆ. ಅತ್ತೆ ಬೈಯುತ್ತಲೇ ನಕ್ಕು ಹಿಂದಿರುಗಿದರು. ಸಂಜೆಗೆ ಕೂಸು ಹೊಟ್ಟೆ ತುಂಬ ಹಾಲು ಕುಡಿಯಿತು.

ಕಾರ್ಖಾನೆ ಎಷ್ಟು ಮುಂದುವರಿದಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಮನೆ ಮುಂದುವರಿದಿದೆಯೋ ಇಲ್ಲವೋ ಎಂಬುದನ್ನು ಒಳಗೆ ಮಲಗಿದವರ ಮೈ ಮುಟ್ಟಿಯೇ ತಿಳಿಯಬೇಕು. ನನ್ನ ಕೆಲಸ ಕಲಿಸಿದ್ದು ಇಷ್ಟೇ.

ಈ ವರ್ಷ ಸುಜಾತಾ ಸೇಡಂನಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ಎಂಜಿನಿಯರು ಮೊಬೈಲಿನಲ್ಲಿ ಮನೆಯ ಬಣ್ಣಬಣ್ಣದ ಚಿತ್ರವನ್ನು ತಿರುಗಿಸಿ ತಿರುಗಿಸಿ ತೋರಿಸಿದರು.

“ಛಲೋ ಅದರಿ,” ಎಂದಳು ಅವಳು. “ಕಿಟಕಿ ಮುಚ್ಚಿದ್ರ ಸೆಕಿ ಯಾ ಕಡಿಂದ ಹೊರಗ ಹೋಗ್ತದ್ರಿ?”

ಅವರು ಮನೆಯನ್ನು ಇನ್ನೊಂದು ಸುತ್ತು ತಿರುಗಿಸಿದರು. ಆಮೇಲೆ ಮೊಬೈಲು ಜೇಬಿಗಿಟ್ಟು, ಪೆನ್ನು ತೆಗೆದು, “ಒಂದು ಹಾಳಿ ಕೊಡ್ರಿ,” ಎಂದರು.