ಇಸ್ತ್ರಿ ಅಕ್ಕನ ಕಟ್ಟಪ್ಪಣೆ

ಇಸ್ತ್ರಿ ಅಕ್ಕನ ಅಂಗಡಿಗೆ ಬರುವ ಬಟ್ಟೆಯೆಲ್ಲ ಮುದುರಿದ್ದೇ ಆಗಿರಬೇಕೆಂದಿರಲಿಲ್ಲ. ಗರಿಗರಿಯಾದ ಅಂಗಿಯನ್ನೇ ಕೆಲವರು ತಂದಿಟ್ಟು, "ಒಂದು ಕೈ ನೋಡಕ್ಕ" ಅಂದು ಹೋಗುತ್ತಿದ್ದರು. ಜೇಬಿನಲ್ಲೊಂದು ಪೊಟ್ಟಣ, ಅದರಲ್ಲಿ ನಾಲ್ಕಾರು ಮಾತ್ರೆ. ಎಚ್‌ಐವಿ ಇರುವವರು ದಿನವೂ ತಪ್ಪದೆ ನುಂಗಬೇಕಾದ ಮಾತ್ರೆ. ಸರ್ಕಾರಿ ಔಷಧ ಕೇಂದ್ರದಲ್ಲಿ ದಾಸ್ತಾನು ಮುಗಿದಾಗ, ಮಾತ್ರೆ ಉಳಿದಿದ್ದವರು ಹೀಗೆ ತಮ್ಮ ಪಾಲಿನದನ್ನು ಇಡುವರು, ಅಕ್ಕ ಅದನ್ನು ಇಲ್ಲದವರ ಜೇಬಿಗೆ ದಾಟಿಸುವಳು. ಕೊಟ್ಟವರು ಯಾರು, ಪಡೆದವರು ಯಾರು ಎಂದು ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ.

"ನಮ್ಮೆಜಮಾನ್ರು ಬಿಟ್ಟೋಗಿದ್ದು ಎರಡೇ, ಈ ಇಸ್ತ್ರಿ ಪೆಟ್ಟಿಗೆ, ಈ ಕಾಯಿಲೆ. ಎರಡನ್ನೂ ಕೆಳಗಿಡೋ ಹಾಗಿಲ್ಲ" ಎಂದು ಅವಳೇ ನಗುತ್ತಿದ್ದಳು. ಕ್ಷೌರದಂಗಡಿ ಇಟ್ಟಿದ್ದ ಅವಳ ತಮ್ಮನಿಗೂ ಅದೇ ಕಾಯಿಲೆ. ಅವನೋ ಮಹಾ ಬಾಯಿಬಡುಕ, ಕ್ಷಯ ಬಂದು ಸಾಯುವ ಹಾಗಾಗಿದ್ದಾಗಲೂ ಡಾಕ್ಟರನ್ನು ನಗಿಸಿದವನು. ಇನ್ನೊಮ್ಮೆ ಮಾತ್ರೆ ತಪ್ಪಿದರೆ ತನ್ನ ಕೈಲಿ ಏನೂ ಇಲ್ಲ ಎಂದು ಆ ಡಾಕ್ಟರೇ ಹೇಳಿದ್ದರು.

ಕೇಂದ್ರದಲ್ಲಿ "ಇಲ್ಲ, ನಾಳೆ ಬನ್ನಿ" ಅನ್ನುವುದು ಹೆಚ್ಚಾದಾಗ ಅಕ್ಕ ಎಲ್ಲರನ್ನೂ ಕಟ್ಟಿಕೊಂಡು ಆರೋಗ್ಯ ಕಚೇರಿಯ ಬಾಗಿಲಲ್ಲಿ ಕೂತಳು. ಸಾಹೇಬರು ಕೆಟ್ಟವರೇನಲ್ಲ, ಕುರ್ಚಿ ಹಾಕಿಸಿ ಕೂರಿಸಿಯೇ ಮಾತಾಡಿದರು.

"ಕೊರತೆ ಅಂತೀರಲ್ಲಮ್ಮ, ಮಾತ್ರೆ ತಪ್ಪಿಸಿದ್ರಾ ಅಂತ ಕೌಂಟರ್‌ನಲ್ಲಿ ಪ್ರತಿ ಸಲ ಕೇಳ್ತಾರೆ. ನಿಮ್ಮೋರು ಒಬ್ರಾದ್ರೂ ಹೌದು ಅಂದಿದಾರಾ? ತಪ್ಪಿದೋರು ಇರೋ ಕಡೆಗೆ ಮೇಲಿನೋರು ಮೊದಲು ಕಳಿಸ್ತಾರೆ."

"ನಾವು ಹಂಚ್ಕೊಂಡು ನುಂಗಿದ್ವಿ ಸಾರ್."

"ಅದನ್ನ ನಾನು ಮೇಲಕ್ಕೆ ಹೇಗೆ ಬರೀಲಿ, ಹೇಳಿ?"

ಕತ್ತರಿಯಂಥ ನಾಲಿಗೆಯ ಅಕ್ಕ ಅವತ್ತು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟಳು. ಅತ್ತರಲ್ಲವೇ ತಾಯಿಯಾದರೂ ಹಾಲು ಕೊಡುವುದು? ಇವರೋ ಒಬ್ಬರ ಕಣ್ಣೀರನ್ನು ಇನ್ನೊಬ್ಬರು ಒರೆಸಿಕೊಂಡು ಸುಮ್ಮನಿದ್ದುಬಿಟ್ಟಿದ್ದರು. ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ!

ಅಂಗಡಿಗೆ ಬಂದವಳೇ ಕಟ್ಟಪ್ಪಣೆ ಮಾಡಿದಳು. "ಇನ್ಮೇಲೆ ಯಾರೂ ಯಾರಿಗೂ ಕೊಡ್ಬೇಡಿ. ಮುಗಿದೋರು ಖಾಲಿ ಡಬ್ಬಿ ಹಿಡ್ಕೊಂಡು ಹೋಗಿ, ತಪ್ಪಿದೆ ಅಂತ ಬಾಯ್ಬಿಟ್ಟು ಹೇಳಿ."

"ಅಷ್ಟರಲ್ಲಿ ಯಾರಾದ್ರೂ ಸತ್ತೋದ್ರೆ?" ಎಂದ ಪೇಂಟರ್. ಅವನ ಹೆಂಡತಿಯೂ ಅದೇ ಮಾತ್ರೆಯವಳು.

"ಹಂಚ್ಕೊಂಡು ಎಲ್ರೂ ಒಟ್ಟಿಗೆ ಸಾಯೋದು ಬೇಡ" ಎಂದಳು ಅಕ್ಕ. ಹಾಗಂದು ಒಳಗೆ ಹೋಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳು.

ವಿಧಿಗೆ ಬೇರೆ ಮನೆ ಸಿಕ್ಕಲಿಲ್ಲ ನೋಡಿ, ಮೊದಲು ಮುಗಿದದ್ದು ತಮ್ಮನ ಡಬ್ಬಿಯೇ. "ನಿನ್ನ ಬೋಣಿ ಗಿರಾಕಿ ನಾನೇ ಕಣಕ್ಕ" ಎಂದು ನಕ್ಕ. ಇಬ್ಬರೂ ಹೋದರು. ಕೌಂಟರಿನವಳು ರೂಢಿಯಂತೆ ಬೈದು, ತಪ್ಪಿದೆ ಎಂದು ಬರೆದುಕೊಂಡಳು. ಸಾಹೇಬರು ಅದನ್ನು ಮೇಲಕ್ಕೆ ಬರೆದು ಕಳಿಸಿದರು. ಮೇಲಿನಿಂದ ಮಾತ್ರೆಯೂ ಬರಲಿಲ್ಲ, ಮಾತೂ ಬರಲಿಲ್ಲ. ಅಷ್ಟರಲ್ಲಿ ಪೇಂಟರನ ಹೆಂಡತಿಯದೂ ಮುಗಿಯಿತು. ಅವಳು ಅಂಗಡಿ ಮುಂದೆ ಹಾಯುವಾಗ ಅಕ್ಕನ ಮುಖ ನೋಡಿ ಮುಂದೆ ಹೋಗುತ್ತಿದ್ದಳು.

ತಮ್ಮನಿಗೆ ಜ್ವರ ಬಂತು, ಹಿಂದೆಯೇ ಆ ಹಳೇ ಕೆಮ್ಮು. ಅಕ್ಕ ದಿನಾ ಕಚೇರಿಗೆ ಹೋಗಿ ಜಗಳಾಡಿ ಬರುವಳು, ಬಂದು ಅವನ ಹಾಸಿಗೆಯ ಪಕ್ಕ ಕುಸಿಯುವಳು. ಒಂದು ಸಂಜೆ ಅವಳಿಗೆ ತಡೆಯಲಾಗಲಿಲ್ಲ. ತನ್ನ ಡಬ್ಬಿಯಿಂದ ಮಾತ್ರೆ ತೆಗೆದು ಅವನ ತುಟಿಗೆ ಹಿಡಿದಳು.

"ನುಂಗಿಬಿಡೋ. ಯಾರಿಗೂ ಗೊತ್ತಾಗಲ್ಲ."

ಅವನು ಮುಖ ತಿರುಗಿಸಿದ. "ನಾಳೆ ಪೇಂಟರ್ ಹೆಂಡ್ತಿ ಎದುರಿಗೆ ಬಂದ್ರೆ?"

"ನಿನ್ ಕಾಲಿಗೆ ಬೀಳ್ತೀನಿ ಕಣೋ, ನುಂಗೋ."

"ನೀನೂ ಮಲಗಿದ್ರೆ ಆ ಸಾಹೇಬನ ತಲೆ ತಿನ್ನೋರ್ಯಾರು? ನೀನೇ ನುಂಗು. ನನ್ನೆದುರಿಗೇ ನುಂಗು, ನಿನ್ನ ನಂಬಕ್ಕಾಗಲ್ಲ."

ಮಾತ್ರೆ ಅವಳ ಬೆವರಿನ ಅಂಗೈಯಲ್ಲಿ ಕರಗತೊಡಗಿತ್ತು. ಅವನೇ ಕೆಮ್ಮುತ್ತ ಎದ್ದು ನೀರಿನ ಲೋಟ ಅವಳ ಕೈಗೆ ಕೊಟ್ಟ. ಅವಳು ಬಾಯಿಗೆ ಹಾಕಿಕೊಂಡಳು. ಅದು ಗಂಟಲಲ್ಲಿ ಇಳಿಯುವವರೆಗೆ ಅವನು ನೋಡುತ್ತಲೇ ಇದ್ದ.